ಅಡಿಕೆ ಸುಲಿದದ್ದು ವಾಚಿಗೆ ಗೊತ್ತಾಗುವುದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಫೋನು, ವಾಚು, ರೀಲ್ಸು. ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತಾ 20 ವರ್ಷ ದಾಟಿತು. ಮೊದಲು ಜನ "ಬಿದ್ದೆ", "ಮೂಟೆ ಎತ್ತಿದೆ" ಎಂದು ಬರುತ್ತಿದ್ದರು. ಈಗ "ವಿಡಿಯೋ ನೋಡಿ ಮಾಡಿದೆ ಮೇಡಂ" ಎಂದು ಬರುವವರೂ ಇದ್ದಾರೆ. ಹಾಗಾಗಿ ಈ ಬಾರಿ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೆ 49 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಇದೆ. ಬೆಳಿಗ್ಗೆ ಐದಕ್ಕೆ ಎದ್ದರೆ ಕೊಟ್ಟಿಗೆ, ಹಾಲು, ತಿಂಡಿ, ತೋಟ, ಈಗ ಸುಲಿಯುವ ಕೆಲಸ ಬೇರೆ. ಮಗ ಬೆಂಗಳೂರಿನಿಂದ ವಾಚ್ ತಂದುಕೊಟ್ಟಿದ್ದಾನೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಸೊಸೆ, ನಾದಿನಿ ಎಲ್ಲರೂ ರಾತ್ರಿಯಾದರೆ 10 ಸಾವಿರ, 12 ಸಾವಿರ ಹೆಜ್ಜೆ ಎಂದು ಹಾಕುತ್ತಾರೆ. ನನ್ನದು 4 ಸಾವಿರ ದಾಟುವುದಿಲ್ಲ. ನಾಚಿಕೆಯಾಗಿ ಊಟದ ನಂತರ ಅಂಗಳದಲ್ಲಿ ಸುತ್ತುತ್ತೇನೆ, ಕಾಲು ಸೋತು ಹೋಗುತ್ತದೆ. ನಾನು ಅಷ್ಟು ಸೋಮಾರಿಯೇ?
– ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿ ಸಂಕಟವಾಯಿತು. ಐದಕ್ಕೆ ಎದ್ದು ರಾತ್ರಿವರೆಗೆ ದುಡಿಯುವ ಹೆಂಗಸು ಒಂದು ವಾಚ್ ನೋಡಿಕೊಂಡು "ನಾನು ಸೋಮಾರಿಯೇ" ಎಂದು ಕೇಳುವ ಹಾಗೆ ಆಯಿತಲ್ಲ. ಖಂಡಿತ ಅಲ್ಲ.

ಮೊದಲು ಆ ವಾಚ್ ಹೆಜ್ಜೆ ಎಣಿಸುವುದು ಹೇಗೆ ಅಂತ ಹೇಳುತ್ತೇನೆ. ಅದರೊಳಗೆ ಅಲುಗಾಟ ಅಳೆಯುವ ಒಂದು ಸಣ್ಣ ಚಿಪ್ ಇರುತ್ತದೆ. ಕೈ ಬೀಸಿಕೊಂಡು ಒಂದೇ ಲಯದಲ್ಲಿ ನಡೆದರೆ ಅದಕ್ಕೆ ಹೆಜ್ಜೆ ಎಂದು ಗೊತ್ತಾಗುತ್ತದೆ. ಎರಡೂ ಕೈಯಲ್ಲಿ ಹಾಲಿನ ಕ್ಯಾನೋ ಸೊಪ್ಪಿನ ಹೊರೆಯೋ ಹಿಡಿದು ನಡೆದರೆ ಕೈ ಬೀಸುವುದಿಲ್ಲ, ಆಗ ಎಷ್ಟೋ ಹೆಜ್ಜೆ ಲೆಕ್ಕ ತಪ್ಪುತ್ತದೆ. ಇನ್ನು ಸಗಣಿ ಬಾಚಿದ್ದು, ಬಾವಿಯಿಂದ ನೀರು ಸೇದಿದ್ದು, ಹಂಡೆ ಎತ್ತಿದ್ದು, ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹತ್ತರವರೆಗೆ ಅಡಿಕೆ ಸುಲಿದದ್ದು, ಇದು ಯಾವುದೂ ಹೆಜ್ಜೆ ಅಲ್ಲ, ಹಾಗಾಗಿ ಅದರ ಲೆಕ್ಕದಲ್ಲಿ ನೀವು ಸುಮ್ನೆ ಕೂತಿದ್ದೀರಿ. ಸೊಸೆಯದು ಆಫೀಸ್ ಕೆಲಸ ಇರಬಹುದು, ಅವರು ದಿನಾ ವಾಕಿಂಗ್ ಹೋಗಲೇಬೇಕು, ಅವರು ಮಾಡುತ್ತಿರುವುದು ಒಳ್ಳೆಯದೇ. ಆದರೆ ಇಬ್ಬರ ದಿನವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಹೇಗೆ?

ಆ 10 ಸಾವಿರ ಎನ್ನುವ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? ದೊಡ್ಡ ಅಧ್ಯಯನ ಮಾಡಿ ಕಂಡುಕೊಂಡದ್ದಲ್ಲ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಮರುವರ್ಷ ಜಪಾನಿನ ಯಮಾಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಒಂದು ಸಾಧನವನ್ನು ಮಾರಾಟಕ್ಕೆ ಬಿಟ್ಟಿತು. ಹೆಸರು ಮಾನ್ಪೋ-ಕೇ, ಅಂದರೆ ಅವರ ಭಾಷೆಯಲ್ಲಿ "ಹತ್ತು ಸಾವಿರ ಹೆಜ್ಜೆಯ ಮೀಟರ್". ಸಾಮಾನು ಮಾರಲು ಇಟ್ಟ ಹೆಸರು ನಿಂತುಬಿಟ್ಟಿತು, 60 ವರ್ಷದ ಮೇಲೆ ನಿಮ್ಮ ಕೈಗೂ ಬಂತು. 2019ರಲ್ಲಿ ಅಮೆರಿಕದಲ್ಲಿ ಸುಮಾರು 16,700 ವಯಸ್ಸಾದ ಹೆಂಗಸರ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ 4,400 ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ 41% ಕಡಿಮೆ ಇತ್ತು. ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ನಿಮಗಿಂತ ಅವರು ದೊಡ್ಡವರು, ಹಾಗಾಗಿ ಆ ಸಂಖ್ಯೆಯನ್ನೇ ನಿಮ್ಮ ಗುರಿ ಮಾಡಿಕೊಳ್ಳಿ ಎನ್ನುತ್ತಿಲ್ಲ. 10 ಸಾವಿರ ಆಗದಿದ್ದರೆ ಎಲ್ಲಾ ವ್ಯರ್ಥ ಅನ್ನುವ ಭಯ ಬಿಡಿ ಎನ್ನುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೆಜ್ಜೆ ಲೆಕ್ಕವನ್ನಲ್ಲ, ಸಮಯದ ಲೆಕ್ಕವನ್ನು. ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಏದುಸಿರು ಎಷ್ಟಿರಬೇಕು ಅಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬೆಟ್ಟದಿಂದ ಸೊಪ್ಪು ಹೊತ್ತು ತರುವಾಗ ಹಾಡಿ ನೋಡಿ. ಸ್ನಾಯುಗಳ ಕೆಲಸವಂತೂ ನೀವು ವಾರಕ್ಕೆ ಏಳೂ ದಿನ ಮಾಡುತ್ತೀರಿ.

ನಿಮ್ಮ ಮೈಗೆ ಕೊರತೆ ಇರುವುದು ಬೇರೆ ಕಡೆ. ನಿಮ್ಮ ಕೆಲಸ ಎಲ್ಲಾ ಮುಂದೆ ಬಾಗಿ ಮಾಡುವಂಥದ್ದು. ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಸೊಂಟದ ಮೇಲೆ ಎರಡೂ ಕೈ ಇಟ್ಟು ನಿಧಾನ ಹಿಂದಕ್ಕೆ ಬಾಗಿ, ಹತ್ತು ಸಲ. ಭುಜಗಳನ್ನು ಹಿಂದಕ್ಕೆ ತಿರುಗಿಸಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ರಾತ್ರಿ ಅಂಗಳ ಸುತ್ತುವುದನ್ನು ಬಿಟ್ಟು ಬೇಗ ಮಲಗಿ. ಇನ್ನೊಂದು ಮಾತು, ಕಾಲು ಸೋತು ಹೋಗುತ್ತದೆ ಅಂದಿರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಈ ವಯಸ್ಸಿನಲ್ಲಿ ಎಷ್ಟೋ ಹೆಂಗಸರಿಗೆ ರಕ್ತ ಕಡಿಮೆ ಇರುತ್ತದೆ, ಥೈರಾಯಿಡ್ ಇರುತ್ತದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಒಂದು ನೋಡಿಸಿ. ಅದನ್ನು ವಾಚ್ ಹೇಳುವುದಿಲ್ಲ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ, 19 ವರ್ಷ, 58 ಕೆ.ಜಿ. ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬರ 60 ದಿನದ ಸಿಕ್ಸ್ ಪ್ಯಾಕ್ ಚಾಲೆಂಜ್ ಮಾಡುತ್ತಿದ್ದೇನೆ. ಅನ್ನ ಬಿಟ್ಟೆ. ದಿನಾ 200 ಜಂಪ್ ಸ್ಕ್ವಾಟ್. ಮೂರನೇ ವಾರಕ್ಕೆ ಮಂಡಿ ನೋವು ಶುರುವಾಯಿತು. ಅವರು ಹೇಳಿದ ಪ್ರೋಟೀನ್ ಪೌಡರ್ ತಗೊಂಡರೆ ಸರಿಹೋಗುತ್ತದಾ?

ಉತ್ತರ: ತಮ್ಮಾ, ಇವತ್ತಿನಿಂದ ಜಿಗಿಯುವುದು ನಿಲ್ಲಿಸು. ಉಳಿದದ್ದು ಆಮೇಲೆ.

ಸ್ನಾಯು ಬೇಗ ಬಲ ಪಡೆಯುತ್ತದೆ, ಆದರೆ ಸ್ನಾಯುವನ್ನು ಮೂಳೆಗೆ ಕಟ್ಟಿಹಾಕಿದ ನರದಂಥ ಹುರಿ ಇದೆಯಲ್ಲ, ಅದಕ್ಕೆ ತುಂಬಾ ದಿನ ಬೇಕು. ನಿನ್ನೆವರೆಗೆ ಕೂತಿದ್ದವನು ಇವತ್ತು 200 ಸಲ ಜಿಗಿದರೆ ಮೊದಲು ಕೂಗುವುದು ಅದೇ. ಎರಡು ಮೂರು ವಾರ ಕುರ್ಚಿಯಿಂದ ನಿಧಾನವಾಗಿ ಎದ್ದು, ನಿಧಾನವಾಗಿ ಕೂರುವ ವ್ಯಾಯಾಮ ಸಾಕು. ಹತ್ತರ ಹಾಗೆ ಮೂರು ಸಲ, ದಿನ ಬಿಟ್ಟು ದಿನ. ಮಂಡಿ ಊದಿಕೊಂಡರೆ, ಮಡಿಸಿದ್ದು ಬಿಡಿಸಲು ಆಗದಿದ್ದರೆ, ಕಾಯಬೇಡ, ಡಾಕ್ಟರ್ ಹತ್ತಿರ ಹೋಗು.

ಆ ಅಣ್ಣನ ಹೊಟ್ಟೆ ಮೇಲೆ ಬೆಳಕು ಯಾವ ಕಡೆಯಿಂದ ಬಿದ್ದಿದೆ ನೋಡಿದ್ದೀಯಾ? ಶೂಟಿಂಗ್ ದಿನ ನೀರು ಕುಡಿಯುವುದು ಕಡಿಮೆ ಮಾಡಿ, ಗೆರೆ ಎದ್ದು ಕಾಣುವ ಹಾಗೆ ಮಾಡಿಕೊಳ್ಳುವವರಿದ್ದಾರೆ. ನೀನು ನೋಡುವುದು 30 ಸೆಕೆಂಡು, ಅದರ ಹಿಂದಿನ ಎಂಟು ಹತ್ತು ವರ್ಷ ಕಾಣುವುದಿಲ್ಲ. ಒಂದು ವಿಡಿಯೋ ಪೂರ್ತಿ ನೋಡಿದರೆ ಅಂಥದ್ದೇ ಇನ್ನೂ ಹತ್ತು ಬರುತ್ತವೆ. ಆಗ ಊರಿನ ಎಲ್ಲಾ ಹುಡುಗರೂ ಹಾಗೇ ಇದ್ದಾರೆ, ನಾನೊಬ್ಬನೇ ಹೀಗೆ ಅನ್ನಿಸಲು ಶುರುವಾಗುತ್ತದೆ. ನನ್ನ ಹತ್ತಿರ ಬರುವ ಹುಡುಗರಲ್ಲಿ ಮಂಡಿ ನೋವಿಗಿಂತ ಈ ನೋವೇ ಜಾಸ್ತಿ ಕಾಣುತ್ತಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ಸಾಯಂಕಾಲ ನೆಹರೂ ಸ್ಟೇಡಿಯಂಗೆ ಹೋಗಿ ಒಂದು ಅರ್ಧ ಗಂಟೆ ಕೂತು ನೋಡು. ನಿಜವಾದ ಮೈಗಳು ಹೇಗಿರುತ್ತವೆ ಎಂದು ತಿಳಿಯುತ್ತದೆ.

ಪೌಡರ್ ವಿಷಯ. ವಿಡಿಯೋ ಕೆಳಗೆ ಡಿಸ್ಕೌಂಟ್ ಕೋಡ್ ಇದ್ದರೆ, ನೀನು ಕೊಂಡರೆ ಅವರಿಗೂ ದುಡ್ಡು ಹೋಗುತ್ತದೆ ಎಂದೇ ತಿಳಿದುಕೋ. ಜಾಹೀರಾತು ಮಂಡಳಿ ಎಎಸ್‌ಸಿಐ 2023ರಲ್ಲೇ ನಿಯಮ ಮಾಡಿದೆ. ಆರೋಗ್ಯದ ಬಗ್ಗೆ ಸಲಹೆ ಕೊಟ್ಟು ಸಾಮಾನು ಪ್ರಚಾರ ಮಾಡುವವರು ಆ ವಿಷಯ ಓದಿದವರಾಗಿರಬೇಕು, ಏನು ಓದಿದ್ದೇವೆ ಎಂದು ಎದ್ದು ಕಾಣುವ ಹಾಗೆ ಹೇಳಬೇಕು. ಅವರ ಪುಟದಲ್ಲಿ ಅದು ಇದೆಯಾ ಹುಡುಕು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ನಿನಗೆ ಸುಮಾರು 48 ಗ್ರಾಂ. ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 16, ಒಂದು ಹಿಡಿ ಹುರುಳಿಯಲ್ಲಿ ಹತ್ತರ ಹತ್ತಿರ. ಉಳಿದದ್ದು ತೊವ್ವೆ, ಅನ್ನದಲ್ಲೇ ಬರುತ್ತದೆ. ವ್ಯಾಯಾಮ ಜೋರಾದರೆ ಇನ್ನೊಂದಿಷ್ಟು ಬೇಕಾದೀತು, ಅದನ್ನೂ ಊಟದಲ್ಲೇ ಹೊಂದಿಸಬಹುದು. 2024ರ ಮೇ ತಿಂಗಳಲ್ಲಿ ಬಂದ ಐಸಿಎಂಆರ್ ಆಹಾರ ಮಾರ್ಗಸೂಚಿ ಕೂಡ ಮೈ ಬೆಳೆಸಲು ಪ್ರೋಟೀನ್ ಪೌಡರ್ ಬೇಡ ಎಂದೇ ಹೇಳಿದೆ. ಅನ್ನ ತಿನ್ನು. ಅಮ್ಮನ ಹುರುಳಿ ಸಾರಿನ ಜೊತೆ ತಿನ್ನು.

ಪ್ರಶ್ನೆ: ಭದ್ರಾವತಿಯಿಂದ ಬರೆಯುತ್ತಿದ್ದೇನೆ, ನಿವೃತ್ತ, 61 ವರ್ಷ, ಶುಗರ್ ಇದೆ. ವಾಕಿಂಗ್ ಮುಗಿದಾಗ ವಾಚ್ 600 ಕ್ಯಾಲೊರಿ ಕರಗಿತು ಎನ್ನುತ್ತದೆ. ಆ ಲೆಕ್ಕದಲ್ಲಿ ಒಂದು ಹೋಳಿಗೆ ತಿನ್ನಬಹುದಲ್ಲವೇ? ರಕ್ತ ತೆಗೆಯದೆ ಶುಗರ್ ತೋರಿಸುವ ವಾಚ್ ಬಂದಿದೆಯಂತೆ, ಕೊಳ್ಳಲೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ, ಸಾರ್. ಕೊಳ್ಳಬೇಡಿ. ಚರ್ಮಕ್ಕೆ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ನಾವು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಜನರನ್ನು ಎಚ್ಚರಿಸಿತು. ತಪ್ಪು ಸಂಖ್ಯೆ ನೋಡಿ ಮಾತ್ರೆ, ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ ಜೀವಕ್ಕೇ ಅಪಾಯ. ತೋಳಿನ ಚರ್ಮದೊಳಗೆ ಸಣ್ಣ ತಂತಿ ಕೂರಿಸಿ ಅಳೆಯುವ ಸೆನ್ಸರ್ ಬೇರೆ, ಅದನ್ನು ಡಾಕ್ಟರ್ ಹೇಳಿದರೆ ಹಾಕಿಸಿಕೊಳ್ಳಬಹುದು.

ಕ್ಯಾಲೊರಿ ಲೆಕ್ಕವನ್ನೂ ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಎದೆ ಬಡಿತ ಬಹುತೇಕ ಸರಿಯಾಗಿಯೇ ಬಂತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ 27% ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು 93%. ಹೋಳಿಗೆ ತಿನ್ನಲೇಬೇಡಿ ಎನ್ನುವುದಿಲ್ಲ, ಹಬ್ಬದ ದಿನ ಅರ್ಧ ತಿನ್ನಿ, ಅನ್ನ ಅಷ್ಟು ಕಡಿಮೆ ಮಾಡಿ. ವಾಚ್ ಕೇಳಿ ತಿನ್ನಬೇಡಿ. ಬೆಳಿಗ್ಗೆಯ ಒಂದೇ ದೊಡ್ಡ ವಾಕಿಂಗ್ ಜೊತೆಗೆ ಮಧ್ಯಾಹ್ನ, ರಾತ್ರಿ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯಿರಿ, ಊಟದ ಮೇಲೆ ಏರುವ ಶುಗರ್ ಇಳಿಸಲು ಅದು ನೆರವಾಗುತ್ತದೆ.

ಪ್ರಶ್ನೆ: ಹೆಸರು ಬೇಡ, ಸಾಗರ. 27 ವರ್ಷ. ಬೆಳಿಗ್ಗೆ ಒಬ್ಬಳೇ ಓಡುತ್ತೇನೆ, ದಾರಿಯ ಮ್ಯಾಪ್ ಒಂದು ಆ್ಯಪ್‌ನಲ್ಲಿ ತಾನೇ ಪೋಸ್ಟ್ ಆಗುತ್ತದೆ. ಮೊನ್ನೆ ಗುರುತಿಲ್ಲದವರೊಬ್ಬರು "ಇವತ್ತು ಯಾಕೆ ಲೇಟು?" ಎಂದು ಕಮೆಂಟ್ ಹಾಕಿದರು. ಮನೆಯಲ್ಲಿ ಹೇಳಿದರೆ ಓಡುವುದನ್ನೇ ನಿಲ್ಲಿಸುತ್ತಾರೆ.

ಉತ್ತರ: ಓಡುವುದು ನಿಲ್ಲಿಸಬೇಡಿ. ಮ್ಯಾಪ್ ತೋರಿಸುವುದನ್ನು ನಿಲ್ಲಿಸಿ, ಇವತ್ತೇ.

ಆ ಮ್ಯಾಪ್‌ನಲ್ಲಿ ನಿಮ್ಮ ಮನೆ ಬಾಗಿಲು ಇದೆ, ಹೊರಡುವ ಸಮಯ ಇದೆ, ಒಬ್ಬರೇ ಇದ್ದೀರಿ ಎನ್ನುವುದೂ ಇದೆ. ಇದು ಎಷ್ಟು ದೊಡ್ಡ ವಿಷಯ ಅಂದರೆ, 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪ್‌ನ ಮ್ಯಾಪ್ ನೋಡಿ ಹೊರಗಿನವರು ಬೇರೆ ಬೇರೆ ದೇಶಗಳ ಸೇನಾ ನೆಲೆಗಳನ್ನೇ ಗುರುತಿಸಿದರು, ಸೈನಿಕರು ಓಡಿದ ದಾರಿ ಅದರಲ್ಲಿ ಹೊಳೆಯುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿಗೆ ಹೋಗಿ. ನಿಮ್ಮ ಓಟ ನಿಮಗೆ ಮಾತ್ರ ಕಾಣುವ ಹಾಗೆ ಇಡಿ. ಶುರು ಮತ್ತು ಕೊನೆಯ ಜಾಗ ಮರೆಮಾಡುವ ಆಯ್ಕೆ ಇದ್ದರೆ ಆನ್ ಮಾಡಿ. ಹಳೆಯ ಪೋಸ್ಟ್‌ಗಳನ್ನೂ ಮುಚ್ಚಿ, ಇದನ್ನು ಎಲ್ಲರೂ ಮರೆಯುತ್ತಾರೆ. ಆ ಕಮೆಂಟಿನ ಫೋಟೋ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿ. ಸ್ವಲ್ಪ ದಿನ ದಾರಿ, ಸಮಯ ಎರಡೂ ಬದಲಿಸಿ, ಜೊತೆಗೆ ಒಬ್ಬ ಗೆಳತಿ ಇದ್ದರೆ ಒಳ್ಳೆಯದು. ಲೊಕೇಶನ್ ಅನ್ನು ನಂಬುವ ಒಬ್ಬರಿಗೆ ಮಾತ್ರ ವಾಟ್ಸಾಪ್‌ನಲ್ಲಿ ಕಳಿಸಿ ಹೊರಡಿ. ಯಾರಾದರೂ ಹಿಂದೆ ಬಿದ್ದಿದ್ದಾರೆ ಅನ್ನಿಸಿದರೆ 112ಕ್ಕೆ ಕರೆ ಮಾಡಿ. ಮನೆಯಲ್ಲಿ ಒಬ್ಬರಿಗಾದರೂ, ಅಕ್ಕನೋ ಅತ್ತಿಗೆಯೋ, ಹೇಳಿ. ಈ ಭಯವನ್ನು ಒಬ್ಬರೇ ಹೊತ್ತುಕೊಂಡು ಓಡಬೇಡಿ.

ಪ್ರಶ್ನೆ: ರೀಲ್ಸ್ ನೋಡಿ ನಾವು ನಾಲ್ಕು ಜನ ಗೆಳೆಯರು ಭಾನುವಾರ ಕಾಡಿನ ಕಾಲುದಾರಿಯಲ್ಲಿ ಓಡಲು ಶುರು ಮಾಡಿದ್ದೇವೆ. ಎಚ್ಚರಿಕೆ ಏನಾದರೂ ಬೇಕಾ?
– ಸೊರಬ

ಉತ್ತರ: ಬೇಕು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಿಮ್ಮ ತಾಲೂಕಿನ ಕ್ಯಾಸನೂರಿನಲ್ಲೇ, 1957ರಲ್ಲಿ. ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿದರೆ ಬರುವ ಜ್ವರ ಅದು. ಮಳೆ ನಿಂತು ದರಗು ಒಣಗಿದ ಮೇಲೆ, ಡಿಸೆಂಬರಿನಿಂದ ಮೇವರೆಗೆ ಉಣುಗಿನ ಕಾಟ ಜಾಸ್ತಿ. ಆ ತಿಂಗಳುಗಳಲ್ಲಿ ಡಾಂಬರು ರಸ್ತೆಯಲ್ಲೇ ಓಡಿ. ಹೋಗಲೇಬೇಕಾದರೆ ಮೈ ತುಂಬ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರಿನ ಸ್ನಾನ. ಮಂಗ ಸತ್ತ ಕಡೆ ಕಾಲೇ ಇಡಬೇಡಿ. ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಪ್ರಶ್ನೆ: ಹೊಸನಗರ. ಸೊಸೈಟಿಯಲ್ಲಿ ಕೆಲಸ, ದಿನವಿಡೀ ಕುರ್ಚಿ. ಆ್ಯಪ್ ಹಾಕಿಕೊಂಡ ಮೇಲೆ 143 ದಿನ ಒಂದು ದಿನವೂ ಬಿಡದೆ ನಡೆದೆ. ಜೂನ್ ಮಳೆಗೆ ತಪ್ಪಿತು, ಲೆಕ್ಕ ಸೊನ್ನೆಗೆ ಬಂತು. ಆಮೇಲೆ ಮನಸ್ಸೇ ಇಲ್ಲ.

ಉತ್ತರ: 143 ದಿನ ನಡೆದ ಕಾಲು ನಿಮ್ಮದೇ, ಅದು ಸೊನ್ನೆ ಆಗಿಲ್ಲ. ಕುರ್ಚಿ ಕೆಲಸದವರಿಗೆ ಈ ಆ್ಯಪ್‌ಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ, ನಾನೇ ಹಲವರಿಗೆ ಹಾಕಿಕೊಳ್ಳಲು ಹೇಳಿದ್ದೇನೆ. 2022ರಲ್ಲಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆಯಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರು, ಇಂಥ ಸಾಧನ ಬಳಸಿದವರು ದಿನಕ್ಕೆ ಸುಮಾರು 1,800 ಹೆಜ್ಜೆ ಜಾಸ್ತಿ ನಡೆದರು ಎಂದು ಬರೆದಿದ್ದಾರೆ. ಆದರೆ ಒಂದೂ ದಿನ ಬಿಡಬಾರದು ಎನ್ನುವ ಈ ಲೆಕ್ಕ ನಮ್ಮ ಮಳೆ ನೋಡಿ ಮಾಡಿದ್ದಲ್ಲ. ಮಳೆ ಹನಿ ಕಡಿಯದ ಊರಿನಲ್ಲಿ, ಇಂಬಳ ಹತ್ತುವ ರಸ್ತೆಯಲ್ಲಿ, ಕೊಡೆ ಹಿಡಿದು ಆ ಸಂಖ್ಯೆಗಾಗಿ ಜಾರಿ ಬಿದ್ದವರಿಗೆ ನಾನು ಚಿಕಿತ್ಸೆ ಮಾಡಿದ್ದೇನೆ.

ಆ್ಯಪ್‌ನಲ್ಲಿ ಗುರಿ ಬದಲಿಸಲು ಬರುತ್ತದೆ. ಸೆಪ್ಟೆಂಬರ್‌ವರೆಗೆ ಅದನ್ನು 3,000ಕ್ಕೆ ಇಳಿಸಿ. ಬೆಳಿಗ್ಗೆ ಮನೆಯೊಳಗೆ ಆರು ಸೂರ್ಯನಮಸ್ಕಾರದಿಂದ ಶುರು ಮಾಡಿ, ವಾರಕ್ಕೆ ಎರಡು ಸೇರಿಸುತ್ತಾ ಹನ್ನೆರಡಕ್ಕೆ ಹೋಗಿ. ಸೊಸೈಟಿಯಲ್ಲಿ ಗಂಟೆಗೊಮ್ಮೆ ಎದ್ದು ಜಗುಲಿಯ ಈ ಕಡೆಯಿಂದ ಆ ಕಡೆಗೆ ನಾಲ್ಕು ಸಲ ನಡೆಯಿರಿ, ಆಗ ಫೋನ್ ಜೇಬಿನಲ್ಲೇ ಇರಲಿ. ಮಳೆ ಹೊಳವಾದ ಸಂಜೆ ಹೊರಗೆ ಹೋಗಿ, ಆಗದಿದ್ದ ದಿನ ಬೇಡ. ದಸರಾ ಹೊತ್ತಿಗೆ ರಸ್ತೆ ಒಣಗಿರುತ್ತದೆ, ಹಳೆಯ ಗುರಿಗೆ ಮತ್ತೆ ಏರಿಸಿ. ಹೇಗಾಯಿತು ಅಂತ ನನಗೊಂದು ಪತ್ರ ಹಾಕಿ.