ಹೈಕೋರ್ಟ್‌ನಲ್ಲಿ ನ್ಯಾಯಮೂರ್ತಿ ಹುದ್ದೆ ಖಾಲಿಯಾದರೆ ತುಂಬುವುದು ಹೇಗೆ? ರಾಜ್ಯ ಸರ್ಕಾರದ ಪಾತ್ರವೇನು?

ರಾಜ್ಯ ಸರ್ಕಾರ ಅಭಿಪ್ರಾಯ ಹೇಳಬಹುದು, ಅಷ್ಟೇ. ನೇಮಕ ರಾಷ್ಟ್ರಪತಿಯವರದು (ಸಂವಿಧಾನದ 217ನೇ ವಿಧಿ). ಅರ್ಜಿ, ಪರೀಕ್ಷೆ ಯಾವುದೂ ಇಲ್ಲ.

ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸು 62. ಯಾವ ಹುದ್ದೆ ಯಾವಾಗ ಖಾಲಿಯಾಗುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ, ಆರು ತಿಂಗಳು ಮುಂಚೆಯೇ ಹೆಸರು ಕಳಿಸಬೇಕೆಂಬ ನಿಯಮವಿದೆ. ಪಾಲನೆಯಾಗುವುದು ಅಪರೂಪ.

ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ (ಆಯ್ಕೆ ಮಂಡಳಿ) ಹೆಸರು ಆರಿಸುತ್ತದೆ. ಹೈಕೋರ್ಟ್‌ನಲ್ಲಿ ಕನಿಷ್ಠ 10 ವರ್ಷ ವಕೀಲಿಕೆ ಅಥವಾ 10 ವರ್ಷ ನ್ಯಾಯಾಂಗ ಸೇವೆ ಆಗಿರಬೇಕು. ರೂಢಿಯಂತೆ ಮೂರರಲ್ಲಿ ಎರಡು ಪಾಲು ವಕೀಲರಿಗೆ, ಒಂದು ಪಾಲು ಜಿಲ್ಲಾ ನ್ಯಾಯಾಧೀಶರಿಗೆ.

ಶಿಫಾರಸು ಮುಖ್ಯಮಂತ್ರಿ ಮತ್ತು ರಾಜ್ಯಪಾಲರಿಗೆ ಹೋಗುತ್ತದೆ, ಅದರ ಒಂದೊಂದು ಪ್ರತಿ ಕೇಂದ್ರದ ಕಾನೂನು ಸಚಿವರಿಗೂ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಗೂ. ರಾಜ್ಯ ಆರು ವಾರದಲ್ಲಿ ಉತ್ತರಿಸದಿದ್ದರೆ ಆಕ್ಷೇಪವಿಲ್ಲವೆಂದು ಭಾವಿಸಿ ಕೇಂದ್ರ ಮುಂದುವರಿಯಬಹುದು. ಗುಪ್ತಚರ ದಳದ ವರದಿ ಸೇರಿಸಿ ಕಡತ ಸುಪ್ರೀಂ ಕೋರ್ಟ್ ಕೊಲಿಜಿಯಂಗೆ ತಲುಪುತ್ತದೆ. ಅಲ್ಲೂ ಮೂವರೇ. ಅವರು ಒಪ್ಪಿದ ಹೆಸರು ಕಾನೂನು ಸಚಿವ, ಪ್ರಧಾನಿ ದಾಟಿ ರಾಷ್ಟ್ರಪತಿಯವರ ಅಂಕಿತಕ್ಕೆ ಬರುತ್ತದೆ.

ನಿಜವಾದ ಗಂಟು ಕೇಂದ್ರದ ಮೇಜಿನಲ್ಲಿದೆ. ಸರ್ಕಾರ ಹೆಸರನ್ನು ವಾಪಸ್ ಕಳಿಸಬಹುದು. ಕೊಲಿಜಿಯಂ ಪುನರುಚ್ಚರಿಸಿದರೆ ನೇಮಿಸಲೇಬೇಕು. ಹಾಗಿದ್ದೂ ಕಡತ ಸುಮ್ಮನೆ ಕೂತುಬಿಡುವುದುಂಟು. 2021ರಲ್ಲಿ ಸುಪ್ರೀಂ ಕೋರ್ಟ್, ಪುನರುಚ್ಚರಿಸಿದ ಮೇಲೆ 3–4 ವಾರದೊಳಗೆ ನೇಮಿಸಿ ಎಂದಿತು. ವಿಳಂಬ ನಿಂತಿಲ್ಲ. ಕಾದು ಬೇಸತ್ತು ಒಪ್ಪಿಗೆ ಹಿಂಪಡೆದ ವಕೀಲರೂ ಇದ್ದಾರೆ. ಆಗ ಆ ಸ್ಥಾನಕ್ಕೆ ಎಲ್ಲವೂ ಮೊದಲಿಂದ.

ಬಹುತೇಕರು ಮೊದಲು ಹೆಚ್ಚುವರಿ ನ್ಯಾಯಮೂರ್ತಿಗಳಾಗಿ, ಗರಿಷ್ಠ ಎರಡು ವರ್ಷದ ಅವಧಿಗೆ ಬರುತ್ತಾರೆ (224ನೇ ವಿಧಿ). ಕಾಯಂ ಆಗುವುದು ಆಮೇಲೆ. ಕರ್ನಾಟಕ ಹೈಕೋರ್ಟ್‌ಗೆ ಮಂಜೂರಾದ ಹುದ್ದೆಗಳು 62.