ಡೊಂಬಿವಲಿಗೆ ಬರುವ ತಂಗಿಗೆ: ಮಗನ ‘ರ’, ಮನೆಯ ಕನ್ನಡ

ತಂಗಿ, ಗದಗ ಬಿಟ್ಟು ಮುಂಬೈ ಹತ್ತಿರದ ಡೊಂಬಿವಲಿಗೆ ಬರ್ತಿದ್ದೀವಿ, 5 ವರ್ಷದ ಮಗ ‘ರ’ ಇರೋ ಕಡೆಯೆಲ್ಲ ‘ಲ’ ಅಂತಾನೆ, ಅಲ್ಲಿ ಸ್ಪೀಚ್ ಥೆರಪಿ ಹಿಂದಿಯಲ್ಲೇ ಅಂತೆ, ಈಗಿನಿಂದಲೇ ಮನೇಲಿ ಕನ್ನಡ ನಿಲ್ಲಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ.

ನಾನು ಇಲ್ಲಿಗೆ ಬಂದು 19 ವರ್ಷ. ನನ್ನ ಮಗನಿಗೂ ಇದೇ ತೊಂದರೆ ಇತ್ತು. ಮೊದಲು ತೋರಿಸಿದ ಕಡೆ ‘ಒಂದೇ ಭಾಷೆ ಸಾಕು’ ಅಂದರು. 8 ತಿಂಗಳು ಮನೇಲಿ ಬರೀ ಹಿಂದಿ ಆಡಿದೆವು. ‘ರೋಟಿ’, ‘ರಸ್ಸಿ’ ನೆಟ್ಟಗಾಯ್ತು. ಊರಿಂದ ಅಜ್ಜಿ ಫೋನ್ ಮಾಡಿದರೆ ಮಾತ್ರ ಹುಡುಗ ಬಾಯೇ ಬಿಡ್ತಿರಲಿಲ್ಲ.

ಎರಡನೇ ಥೆರಪಿಸ್ಟ್ ಮರಾಠಿಯವರು, ಅವರಿಗೆ ಕನ್ನಡ ಬರ್ತಿರಲಿಲ್ಲ. ಆದರೂ ಅವರು ಕೇಳಿದ್ದು, ‘ನಿಮ್ಮ ಭಾಷೇಲಿ ಈ ಧ್ವನಿ ಎಷ್ಟು ಸಲ ಬರುತ್ತೆ, ಪದದ ಯಾವ ಜಾಗದಲ್ಲಿ ಬರುತ್ತೆ? ಮನೇಲಿ ಆಡೋ ಮಾತನ್ನೇ ಬರ್ಕೊಂಡು ಬನ್ನಿ.’ ಹೆಚ್ಚು ಬಳಕೆಯಲ್ಲಿರೋ ಧ್ವನಿ ತಿದ್ದಿದರೆ ಮಗುವಿನ ಮಾತು ಬೇರೆಯವರಿಗೆ ಬೇಗ ತಿಳಿಯುತ್ತೆ, ಅದಕ್ಕೆ.

ರೊಟ್ಟಿ ಬಡಿಯುತ್ತಾ ಅವನ ಮಾತಿಗೆ ಕಿವಿಗೊಟ್ಟು, ಹಳೇ ಕ್ಯಾಲೆಂಡರಿನ ಹಾಳೆ ಹಿಂದೆ ಬರೀತಾ ಹೋದೆ. ಅಚ್ಚಗನ್ನಡದ ಪದ ‘ರ’ದಿಂದ ಶುರುವಾಗೋದೇ ಅಪರೂಪ. ನಡುವೆ, ಕೊನೇಲಿ ಬೇಕಾದಷ್ಟು: ನೀರು, ಊರು, ಬೇರೆ, ಯಾರು. ಎಲ್ಲಕ್ಕಿಂತ ಹೆಚ್ಚಾಗಿ ಕ್ರಿಯಾಪದದ ತುದಿಯಲ್ಲಿ: ಬರ್ತಾರೆ, ಹೇಳಿದ್ರು. ದೊಡ್ಡವರಿಗೆ ನಾವು ಮರ್ಯಾದೆ ಕೊಡೋದು ಈ ‘ರ’ದಲ್ಲೇ ಅಲ್ವಾ! ಇವನು ‘ಅಜ್ಜ ಬಂದ್ಲು’ ಅಂದಾಗ ಊರಲ್ಲಿ ಮಕ್ಕಳೆಲ್ಲ ನಕ್ಕಿದ್ದರು. ಅವನು ಕನ್ನಡದಲ್ಲಿ ಸುಮ್ಮನಾಗಿದ್ದು ಯಾಕೆ ಅಂತ ನನಗೆ ಆವಾಗ ಅರ್ಥವಾಯ್ತು. ಹಿಂದಿಯ ‘ರೋಟಿ’ ಎಷ್ಟು ತಿದ್ದಿದರೂ ‘ಬಂದ್ರು’ ಹಾಗೇ ಉಳಿದಿತ್ತು.

ಆಮೇಲೆ ಕಾರು–ಕಾಲು, ಹಾರು–ಹಾಲು ಚಿತ್ರ ಬರೆದಿಟ್ಟೆವು. ಅವನ ಬಾಯಲ್ಲಿ ಯಾವುದು ಬಂತೋ ಆ ಚಿತ್ರವನ್ನೇ ಕೊಡೋದು. ಬಾಗಿಲ ಬೆಲ್ ಆದಾಗಲೆಲ್ಲ ‘ಯಾರು ಬಂದ್ರು?’ ಅಂತ ಕೇಳೋದು ಅವನ ಕೆಲಸ.

‘ರ’ ತಡವಾಗಿ ಕೂಡಿಬರೋ ಧ್ವನಿ, ಗಾಬರಿಯಾಗಬೇಡಿ. ಆದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮುಂಬೈನ ಬಾಂದ್ರಾದಲ್ಲಿ ಕಿವಿ, ಮಾತಿನ ತೊಂದರೆಗೆ ಅಂತಲೇ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಕನ್ನಡದಲ್ಲೇ ಪರೀಕ್ಷೆ ಆಗಬೇಕು ಅಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. 1965ರಿಂದ ಅವರದು ಇದೇ ಕೆಲಸ.

ಪಟ್ಟಿ ಇವತ್ತೇ ಶುರು ಮಾಡಿ. ಪುಸ್ತಕದ ಮಾತು ಬೇಡ, ನಿಮ್ಮ ಗದಗಿನ ಮಾತು ಹೇಗಿದೆಯೋ ಹಾಗೇ ಬರೀರಿ. ನಮ್ಮ ಚಿತ್ರಗಳು ಇನ್ನೂ ಡಬ್ಬೀಲಿವೆ, ಬಂದಮೇಲೆ ತಗೊಂಡು ಹೋಗಿ.