ಪಿಯುಸಿ ಮುಗಿಸಿ ಜರ್ಮನಿಗೆ ಬರುವ ತಂಗಿಗೆ

"ಅಣ್ಣಾ, ನಾನು ಎರಡನೇ ಪಿಯುಸಿ, ಪಿಸಿಎಂಸಿ. ಜರ್ಮನಿಯಲ್ಲಿ ಓದು ಪುಕ್ಕಟೆಯಂತೆ. ರಿಸಲ್ಟ್ ಬಂದ ಕೂಡಲೇ ಇಂಜಿನಿಯರಿಂಗ್‌ಗೆ ಸೇರಬಹುದಾ?" ಎಂದು ಕೇಳಿದ್ದೀಯ. ಬರಬಹುದು ತಂಗಿ, ಆದರೆ ಅಷ್ಟು ಬೇಗ ಆಗುವುದಿಲ್ಲ.

ನಮ್ಮ ಪಿಯುಸಿಯನ್ನು ಇಲ್ಲಿನವರು ತಮ್ಮ ಅಬಿಟೂರ್‌ಗೆ, ಅಂದರೆ ವಿಶ್ವವಿದ್ಯಾಲಯಕ್ಕೆ ಅರ್ಹತೆ ಕೊಡುವ ಶಾಲೆಯ ಕೊನೆಯ ಪರೀಕ್ಷೆಗೆ, ಸಮ ಎಂದು ಒಪ್ಪುವುದಿಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾಗಿದ್ದರೆ ತಾಂತ್ರಿಕ ವಿಷಯಗಳಿಗೆ ನೇರ ಅರ್ಜಿ ಹಾಕಬಹುದು. ಇಲ್ಲವಾದರೆ ಊರಲ್ಲೇ ಬಿಇಗೆ ಸೇರಿ ಒಂದು ವರ್ಷ ಪೂರ್ತಿ ಪಾಸು ಮಾಡಿಕೊಂಡು, ಅದೇ ವಿಷಯಕ್ಕೆ ಇಲ್ಲಿ ಕೇಳಬಹುದು. ಎರಡೂ ಬೇಡವೆಂದರೆ ಸ್ಟೂಡಿಯೆನ್‌ಕೊಲೆಗ್, ಅಂದರೆ ವಿಶ್ವವಿದ್ಯಾಲಯಕ್ಕೆ ಸೇರುವ ಮುನ್ನ ತಯಾರಿ ಕೊಡುವ ಕಾಲೇಜು: ಸಾಮಾನ್ಯವಾಗಿ ಎರಡು ಸೆಮಿಸ್ಟರ್ ಓದು. ಇಂಜಿನಿಯರಿಂಗ್‌ಗೆ 'ಟಿ' ಕೋರ್ಸ್. ಒಳಗೆ ಹೋಗಲು ಪ್ರವೇಶ ಪರೀಕ್ಷೆ, ಹೊರಬರಲು ಇನ್ನೊಂದು ಪರೀಕ್ಷೆ. ಪಾಠವೆಲ್ಲ ಜರ್ಮನ್‌ನಲ್ಲೇ.

ನನ್ನ ಅಕ್ಕನ ಮಗ ಎಡವಿದ್ದು ಇಲ್ಲೇ. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ದುಡ್ಡು ತೆಗೆದುಕೊಂಡು ಜರ್ಮನ್‌ನಲ್ಲಿ ಎ2 (ಎ1ರಿಂದ ಸಿ2ವರೆಗಿನ ಆರು ಭಾಷಾ ಮಟ್ಟಗಳಲ್ಲಿ ಎರಡನೆಯದು) ಮಾತ್ರ ಮುಗಿಸಿದ್ದ ಹುಡುಗನನ್ನು ವಿಮಾನ ಹತ್ತಿಸಿದ. ಪ್ರವೇಶ ಪರೀಕ್ಷೆಯಲ್ಲಿ ಗಣಿತ ಅವನಿಗೆ ನೀರು ಕುಡಿದಷ್ಟು ಸುಲಭ, ಆದರೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಂದು ವರ್ಷ ಹೋಯಿತು. ರಾತ್ರಿ ನನ್ನ ಮನೆಯ ಅಡುಗೆಮನೆಯಲ್ಲಿ ಕೂತು ಅವನು ಅತ್ತಿದ್ದು ಈಗಲೂ ಕಣ್ಣ ಮುಂದಿದೆ. ಮರುವರ್ಷ ಬಿ2 ಮಾಡಿಕೊಂಡು ಬರೆದ, ಸೀಟು ಸಿಕ್ಕಿತು. ಬುದ್ಧಿ ಆಗಲೂ ಇತ್ತು, ಭಾಷೆ ಇರಲಿಲ್ಲ ಅಷ್ಟೇ.

ಪುಕ್ಕಟೆ ಎನ್ನುವುದು ಬಹುಪಾಲು ನಿಜ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ. ವೀಸಾಕ್ಕೆ ಒಂದು ವರ್ಷದ ಖರ್ಚೆಂದು 11,904 ಯೂರೋವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಇಡಬೇಕು. ತಿಂಗಳಿಗೆ 992ರಂತೆ ಅದು ನಿನಗೇ ವಾಪಸ್ ಬರುತ್ತದೆ. ಈ ಮಾತನ್ನು ಅಪ್ಪ-ಅಮ್ಮನಿಗೆ ಇವತ್ತೇ ಹೇಳು. ಕೊನೇ ಗಳಿಗೆಯಲ್ಲಿ ಅಷ್ಟು ದೊಡ್ಡ ಮೊತ್ತ ಕೇಳಿದರೆ ಯಾರಿಗಾದರೂ ಎದೆ ಧಸಕ್ ಎನ್ನುತ್ತದೆ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರವೂ (ನಮ್ಮ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ) ಕಡ್ಡಾಯ. ಅಂಕಪಟ್ಟಿ ಕೈಗೆ ಬಂದು, ಎಪಿಎಸ್ ಆಗಿ, ಅಕ್ಟೋಬರ್ ತರಗತಿಗಳಿಗೆ ಹಲವು ಕಡೆ ಇರುವ ಜುಲೈ 15ರ ಗಡುವಿಗೆ ಅರ್ಜಿ ಮುಟ್ಟಿಸುವುದು ಒಂದೇ ಬೇಸಿಗೆಯಲ್ಲಿ ಮುಗಿಯುವ ಕೆಲಸವಲ್ಲ.

ನನ್ನ ತಂಗಿಯೇ ಆಗಿದ್ದರೂ ಹೀಗೇ ಹೇಳುತ್ತಿದ್ದೆ: ಊರಲ್ಲಿ ಬಿಇ ಮೊದಲ ವರ್ಷಕ್ಕೆ ಸೇರು, ಜೊತೆಗೆ ಜರ್ಮನ್ ಕಲಿ. ಇಲ್ಲಿ ಇಂಜಿನಿಯರಿಂಗ್ ಪದವಿಗೆ ಹೆಚ್ಚಿನ ಕಡೆ ಸಿ1 ಮಟ್ಟದ ಭಾಷೆ ಕೇಳುತ್ತಾರೆ, ಅದಕ್ಕೆ ಸಮಯ ಬೇಕು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ತರಗತಿಗಳಿವೆ. ಪರೀಕ್ಷೆ ಮುಗಿದ ವಾರವೇ ಎ1ಗೆ ಹೆಸರು ಕೊಡು, ಬಿ1 ಆದಾಗ ನನಗೆ ಬರೆ. ಎಲ್ಲೆಲ್ಲಿ ಅರ್ಜಿ ಹಾಕಬೇಕೆಂದು ಇಬ್ಬರೂ ಕೂತು ನೋಡೋಣ.